ಬ್ರೀಡಾಳ ಕಂಬಳಿ

ಗೊರೆಟಿ ಟೂವಿಗ್ ನಮ್ಮ ಹಾಲ್‌ಗೆ ಮೊದಲ ಸಲ ಬಂದ ದಿನ ನಾನು ಅವಳನ್ನು ಹೊರಗೆ ಅಟ್ಟಲು ಹೋಗಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಇನ್ನೊಬ್ಬರ ಬಾಯಲ್ಲಿ ಕೇಳಿ ನನ್ನ ಮರ್ಯಾದೆ ಹೋಗುವುದು ಬೇಡ. ಇಗರ್ಜಿಗೆ ಸೇರಿದ ಈ ಹಾಲ್‌ನ ಬೀಗದ ಕೈ ಇಪ್ಪತ್ತೆರಡು ವರ್ಷದಿಂದ ನನ್ನ ಸೊಂಟದಲ್ಲಿದೆ. ನೆಲ ಒರೆಸುವುದು, ಕುರ್ಚಿ ಹಾಕುವುದು, ಹೀಟರ್ ಹೊತ್ತಿಸುವುದು, ಹೊತ್ತಿಸಿದ್ದಕ್ಕೆ ಪಾದ್ರಿಯವರ ಹತ್ತಿರ ಬೈಸಿಕೊಳ್ಳುವುದು ನನ್ನ ಕೆಲಸ. ಅವತ್ತು ಅವಳು ಆಗಷ್ಟೇ ಒರೆಸಿದ ನೆಲದ ಮೇಲೆ ಒದ್ದೆ ಬೂಟು ಹಾಕಿಕೊಂಡು ನಿಂತಿದ್ದಳು.

"ಇಲ್ಲಿ ಮಲಗೋಕೆ ಬಿಡಲ್ಲಮ್ಮ" ಅಂದೆ.

"ಮಲಗೋಕೆ ನಂಗೆ ಮನೆ ಇದೆ ಕಣಯ್ಯ. ನಾನು ನಾಟಕಕ್ಕೆ ಬಂದಿದ್ದು. ನೀನು ಯಾವ ಪಾತ್ರ, ಪೊರಕೆನಾ?"

ಅವತ್ತಿಗೆ ಅವಳಿಗೆ ಐವತ್ತೆಂಟು, ನೋಡಿದರೆ ಎಪ್ಪತ್ತು ಅನ್ನಬೇಕು. ಹನ್ನೊಂದು ವರ್ಷ ಈ ಕಾರ್ಕ್ ಊರಿನ ಬಾಗಿಲುಗಳ ಮುಂದೆ ಮಲಗಿದವಳು. ಮೊದಲು ಉಣ್ಣೆ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದಳಂತೆ. ಗಿರಣಿ ಮುಚ್ಚಿತು, ಗಂಡ ಇಂಗ್ಲೆಂಡಿಗೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ, ಬಾಡಿಗೆ ಮನೆಯವರು ಸಾಮಾನು ಹೊರಗಿಟ್ಟರು. ಇದನ್ನೆಲ್ಲ ಅವಳು ಬೇರೆ ಯಾರದೋ ವಿಷಯದಂತೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ಎರಡು ವರ್ಷದ ಕೆಳಗೆ ನಗರಸಭೆಯವರು ಶಾಂಡನ್ ಗಂಟೆಗೋಪುರದ ಕೆಳಗಿನ ಓಣಿಯಲ್ಲಿ ಅವಳಿಗೊಂದು ಕೋಣೆ ಕೊಟ್ಟಿದ್ದರು.

ನಾಟಕ ಮಾಡಿಸಲು ಬಂದವಳು ಓರ್ಲಾ ಎಂಬ ಹುಡುಗಿ, ಡಬ್ಲಿನ್‌ನವಳು. ಡಬ್ಲಿನ್‌ನವರ ಬಗ್ಗೆ ನಮ್ಮ ಊರಿಗಿರುವ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ, ಕಾಗದ ಸುಟ್ಟೀತು. ಅವಳ ನಾಟಕಕ್ಕೆ ಪುಸ್ತಕವೇ ಇರಲಿಲ್ಲ. ಬೀದಿಯಲ್ಲಿ ಬದುಕಿದ ಆರು ಜನರನ್ನು ಕೂರಿಸಿಕೊಂಡು, ಒಬ್ಬೊಬ್ಬರ ಕತೆಯನ್ನೂ ಟೇಪ್ ಮಾಡಿಕೊಂಡಳು. ಆಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿಸಿದಳು. ತನ್ನ ಕತೆಯನ್ನು ತಾನು ಹೇಳುವ ಹಾಗಿಲ್ಲ. ಯಾರ ಚೀಟಿ ಬಂತೋ ಅವರ ಟೇಪನ್ನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾ, ಕೇಳಿದ ಹಾಗೇ ಜನರ ಮುಂದೆ ಆಡಬೇಕು. ಅವರು ಕೆಮ್ಮಿದಲ್ಲಿ ಕೆಮ್ಮಬೇಕು, ಅವರು ತಡವರಿಸಿದಲ್ಲಿ ತಡವರಿಸಬೇಕು.

"ತಲೆ ಮೇಲೆ ಸೂರಿಲ್ಲದೋರಿಗೆ ನಾಟಕ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅಂದ ವೀಶಿ. ಅವನು ಹಡಗುಗಳಿಗೆ ಬಣ್ಣ ಬಳಿಯುತ್ತಿದ್ದವನು, ಆಗ ಸೂರಿಲ್ಲದವರ ರಾತ್ರಿ ತಂಗುದಾಣದಲ್ಲಿ ಮಲಗುತ್ತಿದ್ದ. ಹಾಗಂದು ತನ್ನ ಬೋಳು ತಲೆ ಸವರಿಕೊಂಡು, "ನಂಗಂತೂ ಜುಟ್ಟೂ ಇಲ್ಲ" ಎಂದು ತಾನೇ ನಕ್ಕ.

ಗೊರೆಟಿಯ ಟೇಪು ಬಂದದ್ದು ಈ ವೀಶಿಗೆ. ಅದರಲ್ಲಿದ್ದದ್ದು ಅವಳ ಗೆಳತಿ ಬ್ರೀಡಾ ಸ್ಕ್ಯಾನೆಲ್‌ಳ ಕತೆ. ಬ್ರೀಡಾ ಪಕ್ಕದ ಕೆರಿ ಜಿಲ್ಲೆಯವಳು. ಇಬ್ಬರೂ ನಾಲ್ಕು ಚಳಿಗಾಲ ಒಟ್ಟಿಗೆ, ಮುಚ್ಚಿಹೋದ ಒಂದು ಚಪ್ಪಲಿ ಅಂಗಡಿಯ ಬಾಗಿಲಲ್ಲಿ ಮಲಗಿದವರು. ಮೂರು ವರ್ಷದ ಹಿಂದಿನ ಜನವರಿಯಲ್ಲಿ ಬ್ರೀಡಾ ಅಲ್ಲೇ ಸತ್ತಳು. ವೀಶಿ ಆ ದಪ್ಪ ಗಂಟಲಲ್ಲಿ ಗೊರೆಟಿಯ ಮಾತನ್ನು ಹೇಳುತ್ತಿದ್ದ:

"ನನ್ನ ಹೊದಿಕೆ ಮಳೇಲಿ ನೆಂದೋಗಿತ್ತು. ಬ್ರೀಡಾ ತನ್ನ ಕಂಬಳಿ ತೆಗ್ದು ನನ್ನ ಮೇಲೆ ಹಾಕಿದ್ಲು. 'ನೀನು ಹೊದ್ಕೋ ಹುಡುಗಿ, ನಂಗೆ ಸೆಖೆ' ಅಂದ್ಲು. ಸೆಖೆಯಂತೆ! ಬೆಳಿಗ್ಗೆ ನೋಡ್ತೀನಿ, ಹೋಗ್ಬಿಟ್ಟಿದ್ಲು."

ಓರ್ಲಾ ಮೊದಲ ದಿನವೇ ಅತ್ತಳು. ನಾನೂ ಪೊರಕೆ ಹಿಡಿದುಕೊಂಡು ಆ ಕಡೆ ತಿರುಗಿಕೊಂಡೆ. ಅಳದೆ ಕೂತವಳು ಗೊರೆಟಿಯೊಬ್ಬಳೇ. ವೀಶಿ ಆ ಸಾಲಿಗೆ ಬಂದಾಗಲೆಲ್ಲ ಅವಳು ಅಂಗೈಯನ್ನು ಲಂಗಕ್ಕೆ ತಿಕ್ಕುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದು ನನಗೆ ಅಂದೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಭ್ಯಾಸ ಶುರುವಾಗುವುದು ನಾಲ್ಕಕ್ಕೆ, ಅವಳು ಎರಡಕ್ಕೇ ಬರುತ್ತಿದ್ದಳು. ಆರು ಜನಕ್ಕೆ ಆರು ಕುರ್ಚಿ ಹಾಕಿದರೆ ತಾನೇ ಎಳೆದುಕೊಂಡು ಬಂದು ಏಳನೆಯದನ್ನು ಸಾಲಿನಲ್ಲಿ ಮೂರನೆಯದಾಗಿ ತೂರಿಸಿ, ಅದರ ಪಕ್ಕದಲ್ಲಿ ಕೂರುತ್ತಿದ್ದಳು. ಹೀಟರ್ ಉರಿಯುತ್ತಿದ್ದರೂ ಮೈ ನಡುಗುತ್ತಿತ್ತು.

"ಯಾರಿಗೆ ಕಾಯ್ತಿದ್ದೀಯ?" ಎಂದು ಒಂದು ದಿನ ಕೇಳಿದೆ.

"ಯಾರಿಗೂ ಇಲ್ಲ. ಅವಳು ಆಗ್ಲೇ ಬಂದು ಕೂತಿದ್ದಾಳೆ."

"ಯಾರು?"

"ಬ್ರೀಡಾ. ವೀಶಿ ನನ್ನ ಕೆಮ್ಮು ಕೆಮ್ಮಿದಾಗೆಲ್ಲ ತಿರುಗಿ ನನ್ನ ಮುಖ ನೋಡ್ತಾಳೆ. ಒಂದೇ ಮಾತು ಕೇಳ್ತಾಳೆ. ನನ್ನ ಕಂಬಳಿ ಎಲ್ಲೇ, ಹುಡುಗಿ."

ನಾನು ದೆವ್ವ ನಂಬುವ ಪೈಕಿಯಲ್ಲ. ಆದರೆ ಅಂದಿನಿಂದ ಆ ಕುರ್ಚಿಯನ್ನು ಒರೆಸುವಾಗ ಸ್ವಲ್ಪ ದೂರದಿಂದಲೇ ಬಟ್ಟೆ ಆಡಿಸಿ ಮುಗಿಸುತ್ತಿದ್ದೆ. ಓರ್ಲಾಗೆ ಮಾತ್ರ ಭಾರಿ ಖುಷಿ. "ಖಾಲಿ ಕುರ್ಚಿ ಎಷ್ಟು ಚೆನ್ನಾಗಿದೆ ಅಲ್ವಾ ಡೆನ್ನಿ? ನಾಟಕದಲ್ಲೂ ಹೀಗೇ ಇಟ್ಟುಬಿಡೋಣ" ಅಂದಳು. ಖಾಲಿಯಂತೆ.

ಇಷ್ಟರಲ್ಲಿ ಕಾಗದವೊಂದು ಬಂತು. ಬ್ರೀಡಾಳ ನಿಜವಾದ ಹೆಸರು ಬಳಸಲು ಒಪ್ಪಿಗೆ ಬೇಕೆಂದು ಓರ್ಲಾ ಕೆರಿಯಲ್ಲಿದ್ದ ಅವಳ ತಂಗಿಯನ್ನು ಹುಡುಕಿ, ಕತೆಯನ್ನೂ ಬರೆದು ಕಳಿಸಿದ್ದಳು. ತಂಗಿಯ ಹೆಸರು ಈಟಾ. ಅವಳ ಉತ್ತರವನ್ನು ಓರ್ಲಾ ಎಲ್ಲರ ಮುಂದೆ ಓದಿದಳು:

"ಅಕ್ಕ ಮನೆ ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಸತ್ತದ್ದು ನಮಗೆ ತಿಳಿಯುವಷ್ಟರಲ್ಲಿ ಮಣ್ಣಾಗಿ ಮೂರು ವಾರ ಕಳೆದಿತ್ತು. ರೇಡಿಯೋದಲ್ಲಿ ಅವಳ ಹೆಸರು ಓದಲಿಲ್ಲ. ಯಾರೂ ಬಂದು ನಮ್ಮ ಕೈ ಹಿಡಿಯಲಿಲ್ಲ. ಕೊನೆಗೆ ತನ್ನ ಕಂಬಳಿಯನ್ನೂ ಕೊಟ್ಟು ಹೋದಳೆಂದು ನೀವು ಬರೆದಿದ್ದೀರಿ. ಹೌದು, ನಮ್ಮ ಬ್ರೀಡಾ ಹಾಗೆಯೇ. ಅದನ್ನು ಓದಿದ ದಿನ, ಮೂರು ವರ್ಷದಲ್ಲಿ ಮೊದಲ ಸಲ, ಕಣ್ತುಂಬ ನಿದ್ದೆ ಮಾಡಿದೆ. ಹೆಸರು ಬಳಸಿ. ಮೊದಲ ಪ್ರದರ್ಶನಕ್ಕೆ ನಾನು ಬರುತ್ತೇನೆ."

ನಮ್ಮ ಕಡೆ ರೇಡಿಯೋದಲ್ಲಿ ದಿನಾ ಬೆಳಿಗ್ಗೆ ಸತ್ತವರ ಹೆಸರು ಓದುತ್ತಾರೆ. ಯಾರ ಹೆಂಡತಿ, ಯಾರ ತಾಯಿ, ಮಣ್ಣು ಯಾವಾಗ, ಎಲ್ಲ. ಅದನ್ನು ಕೇಳದಿದ್ದರೆ ನಮಗೆ ಟೀ ಗಂಟಲಲ್ಲಿ ಇಳಿಯುವುದಿಲ್ಲ. ಕೇಳಿದ ಮೇಲೆ ಹೋಗಲೇಬೇಕು. ಸತ್ತವರ ಮನೆಯವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಊರೆಲ್ಲ ಸಾಲುಗಟ್ಟಿ ಬಂದು ಒಬ್ಬೊಬ್ಬರ ಕೈಯನ್ನೂ ಹಿಡಿದು "ನಿಮಗೆ ಹೀಗಾಗಬಾರದಿತ್ತು" ಅನ್ನಬೇಕು, ಅವರು "ಬಂದಿದ್ದಕ್ಕೆ ಸಂತೋಷ" ಅನ್ನಬೇಕು. ಜಗಳವಾಡಿದವರ ಕೈಯನ್ನೂ ಬಿಡುವ ಹಾಗಿಲ್ಲ. ಬ್ರೀಡಾಗೆ ಇದ್ಯಾವುದೂ ಆಗಿರಲಿಲ್ಲ.

ಕಾಗದ ಓದಿ ಮುಗಿಯುವುದರೊಳಗೆ ಗೊರೆಟಿ ಎದ್ದು ಅಡುಗೆಕೋಣೆಗೆ ಹೋದಳು. ಹಿಂದೆಯೇ ಹೋದೆ. ನೀರು ಕುದಿದು ಕುದಿದು ಬತ್ತುತ್ತಿತ್ತು, ಅವಳು ಒಲೆ ಆರಿಸದೆ ನಿಂತಿದ್ದಳು.

"ಅವಳು ಕೊಡ್ಲಿಲ್ಲ, ಡೆನ್ನಿ."

"ಏನನ್ನ?"

"ಕಂಬಳೀನ. ಅವಳು ಕುಡಿದು ಮಲಗಿದ್ಲು. ನಾನೇ ಎಳ್ಕೊಂಡೆ. ನಿದ್ದೇಲೂ ತುದಿ ಗಟ್ಟಿಯಾಗಿ ಹಿಡ್ಕೊಂಡಿದ್ಲು. ಒಂದೊಂದೇ ಬೆರಳು ಬಿಡಿಸ್ದೆ. ಒಂಚೂರು ಹೊತ್ತು, ನಡುಕ ನಿಲ್ಲೋವರೆಗೆ, ಆಮೇಲೆ ವಾಪಸ್ ಹೊದಿಸೋಣ ಅಂದ್ಕೊಂಡೆ. ಬೆಚ್ಚಗಾಯ್ತು. ನಿದ್ದೆ ಬಂದ್ಬಿಡ್ತು."

ನಾನು ಒಲೆ ಆರಿಸಿದೆ. ಏನು ಹೇಳುವುದೆಂದು ತಿಳಿಯದಾಗ ನಾನು ಮಾಡುವುದೇ ಅಷ್ಟು, ಏನಾದರೊಂದನ್ನು ಆರಿಸುವುದು.

"ಮತ್ತೆ ಟೇಪಲ್ಲಿ ಯಾಕೆ ಹಾಗಂದೆ?"

"ಗೊತ್ತಿಲ್ಲ. ಬಾಯಿಗೆ ಅದೇ ಬಂತು. ಹಾಗೆ ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ನಿಸ್ತು. ಇದು ಇಷ್ಟು ದೂರ ಹೋಗತ್ತೆ ಅಂತ ನಂಗೇನು ಗೊತ್ತು? ಆ ತಂಗಿ ಬರ್ತಾಳೆ. ಬಂದು ನನ್ನ ಕೈ ಹಿಡ್ಕೊಂಡ್ರೆ ಏನಂತ ಹೇಳ್ಲಿ?"

"ಏನೂ ಹೇಳ್ಬೇಡ. ಬಾಯಿ ಬಿಟ್ರೆ ಬಣ್ಣಗೇಡು. ಆ ಹೆಂಗಸು ಮೂರು ವರ್ಷದ ಮೇಲೆ ಈಗ ನಿದ್ದೆ ಮಾಡಿದ್ದಾಳೆ. ಅವಳ ನಿದ್ದೆ ಯಾಕೆ ಕೆಡಿಸ್ತೀಯ?"

"ಅವಳಿಗೆ ಹೇಳ್ಬೇಡ ಅಂತೀಯ, ಸರಿ. ಇವಳಿಗೇನು ಹೇಳ್ಲಿ?" ಎಂದು ಹಾಲ್‌ನ ಕಡೆಗೆ, ಆ ಮೂರನೆಯ ಕುರ್ಚಿಯ ಕಡೆಗೆ ಗದ್ದ ಎತ್ತಿ ತೋರಿಸಿದಳು.

ಒಳ್ಳೆಯ ಬುದ್ಧಿ ಹೇಳಿದೆನೆಂದೇ ಅವತ್ತು ನಾನು ಅಂದುಕೊಂಡಿದ್ದು. ಅದರ ಜೊತೆಗೆ ಹಾಲ್‌ನ ಒಂದು ಹಳೇ ಹೀಟರನ್ನೂ ಹೊತ್ತುಕೊಂಡು ಮರುದಿನ ಅವಳ ಕೋಣೆಗೆ ಹೋದೆ. ಊರಿನ ಉತ್ತರ ಭಾಗಕ್ಕೆ ಹೋಗುವುದೆಂದರೆ ಹತ್ತುವುದೇ, ಏದುಸಿರು ಬಿಡುತ್ತಾ ಬಾಗಿಲು ತಟ್ಟಿದೆ. ಒಳಗೆ ನಗರಸಭೆಯವರು ಕೊಟ್ಟ ಮಂಚ, ಹಾಸಿಗೆಯ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಅವಳು ಮಲಗುತ್ತಿದ್ದದ್ದು ಬಾಗಿಲ ಹತ್ತಿರ ನೆಲಕ್ಕೆ ರಟ್ಟು ಹಾಸಿಕೊಂಡು, ಕೋಟು ಹೊದ್ದುಕೊಂಡು. ಬೀರುವಿನ ಮೇಲೆ ಒಂದು ಚೀಲದಲ್ಲಿ ಕಂದು ಉಣ್ಣೆಯ ಕಂಬಳಿ ಇತ್ತು, ಒಂದು ಮೂಲೆ ಹರಿದಿದ್ದನ್ನು ನೀಲಿ ದಾರದಲ್ಲಿ ಹೊಲಿದಿತ್ತು.

"ಅದೇನಾ?" ಎಂದೆ.

"ಅದೇ. ಹೊದಿಯೋಕೆ ಆಗಲ್ಲ, ಬಿಸಾಕೋಕೂ ಆಗಲ್ಲ."

ಹೀಟರನ್ನು ಅವಳು ಹಚ್ಚಲೂ ಇಲ್ಲ. ನನಗೆ ಸಿಟ್ಟು ಬಂತು. ಅಷ್ಟು ದೂರ ಹೊತ್ತುಕೊಂಡು ಹತ್ತಿ ಬಂದಿದ್ದೆನಲ್ಲ. ಆದರೆ ಇಳಿಯುತ್ತಾ ಬರುವಾಗ ಆ ಸಿಟ್ಟಿನ ಅಡಿಯಲ್ಲಿ ಹೆದರಿಕೆ ಇತ್ತೆಂದು ನನಗೇ ತಿಳಿಯಿತು. ಒಬ್ಬಳಿಗೆ ಮನೆ ಕೊಟ್ಟರೂ ಅವಳು ಒಳಗೆ ಬಂದಿರಲಿಲ್ಲ.

ಮೊದಲ ಪ್ರದರ್ಶನ ಮಾರ್ಚ್‌ನಲ್ಲಿ, ಸಂಜೆ ಏಳಕ್ಕೆ. ಹಾಲ್ ತುಂಬಿತ್ತು. ಈಟಾ ಬಂದಿದ್ದಳು. ಗಿಡ್ಡ ಹೆಂಗಸು, ಬೂದು ಕೋಟು ಹಾಕಿಕೊಂಡು, ಬಸ್ಸಿನ ದಾರಿಗೆಂದು ತಂದ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಎರಡನೆಯ ಸಾಲಿನಲ್ಲಿ ಕೂತಳು. ಆಟಕ್ಕೆ ಮುಂಚೆ ನಾನು ಬೆಂಚಿನ ಮೇಲಿಟ್ಟಿದ್ದ ನಾಟಕದ ಸಾಮಾನು ಸರಿಯಾಗಿದೆಯೇ ಎಂದು ನೋಡಲು ಹೋದೆ. ಹಳೇ ಬಟ್ಟೆ ಅಂಗಡಿಯಿಂದ ನಾನೇ ತಂದಿಟ್ಟಿದ್ದ ಕಂಬಳಿ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ನೀಲಿ ಹೊಲಿಗೆಯ ಕಂದು ಕಂಬಳಿ ಇತ್ತು. ಬದಲಾಯಿಸಿಬಿಡಬೇಕು ಅಂದುಕೊಂಡೆ. ಕೈ ಮುಂದಾಗಲಿಲ್ಲ.

ಆಟ ಚೆನ್ನಾಗಿ ನಡೆಯಿತು. ವೀಶಿ ಗೊರೆಟಿಯ ಕೆಮ್ಮನ್ನು ಕೆಮ್ಮಿ, "ನೀನು ಹೊದ್ಕೋ ಹುಡುಗಿ, ನಂಗೆ ಸೆಖೆ" ಅಂದಾಗ ಈಟಾ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಕೊನೆಯಲ್ಲಿ ವೀಶಿ ಕಂಬಳಿಯನ್ನು ತಂದು ಮೂರನೆಯ ಕುರ್ಚಿಯ ಮೇಲೆ ಇಟ್ಟ. ಆರೂ ಜನ ವೇದಿಕೆಯ ಕೆಳಗೆ, ಜನರಿಗೆ ಎದುರಾಗಿ ಸಾಲಾಗಿ ಕೂತರು. ಆಗ ರೇಡಿಯೋದ ದನಿಯೊಂದು, ಅದೇ ಗತ್ತಿನಲ್ಲಿ, ಬ್ರೀಡಾ ಸ್ಕ್ಯಾನೆಲ್ ತೀರಿಕೊಂಡ ಸುದ್ದಿ ಓದಿತು. ಆಮೇಲೆ ದೀಪ ಹತ್ತಿಸಬೇಕು, ಜನ ಮೌನವಾಗಿ ಎದ್ದು ಹೋಗಬೇಕು. ಓರ್ಲಾ ಬರೆದುಕೊಂಡಿದ್ದದ್ದು ಹಾಗೆ.

ಜನ ಹೋಗಲಿಲ್ಲ. ರೇಡಿಯೋ ಹೆಸರು ಓದಿತು, ಮುಂದೆ ಸಾಲಾಗಿ ಕೂತವರ ಮುಖ ಬಾಡಿದೆ, ಇನ್ನು ನಮ್ಮವರು ಸುಮ್ಮನೆ ಹೋಗುವುದುಂಟೇ? ನಲವತ್ತು ವರ್ಷದಲ್ಲಿ ಈ ಇಗರ್ಜಿಯ ಒಂದು ಮಣ್ಣನ್ನೂ ತಪ್ಪಿಸದ ಮಿಸೆಸ್ ಹೆಗಾರ್ಟಿ ಕೋಲೂರಿಕೊಂಡು ಎದ್ದಳು. ಮೊದಲ ಕುರ್ಚಿಯ ಹತ್ತಿರ ಹೋಗಿ ಕೈ ಹಿಡಿದು, "ನಿಮಗೆ ಹೀಗಾಗಬಾರದಿತ್ತು" ಅಂದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಇನ್ನೊಬ್ಬರು. ಸಾಲು ಬಾಗಿಲವರೆಗೆ ಬೆಳೆಯಿತು. ಕೊನೆಯ ಕುರ್ಚಿಯಲ್ಲಿದ್ದ ವೀಶಿ ಕಿವಿಯಿಂದ ಇಯರ್‌ಫೋನ್ ತೆಗೆಯುವುದನ್ನೂ ಮರೆತು, "ಬಂದಿದ್ದಕ್ಕೆ ಸಂತೋಷ, ಬಂದಿದ್ದಕ್ಕೆ ಸಂತೋಷ" ಎನ್ನುತ್ತಿದ್ದ. ಹನ್ನೊಂದು ವರ್ಷ ಗೊರೆಟಿಯನ್ನು ದಾಟಿಕೊಂಡು ಹೋದ ಕಾಲುಗಳೇ ಇವು ಎಂದುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ. ಅದರಲ್ಲಿ ನನ್ನ ಕಾಲೂ ಇತ್ತು.

ಗೊರೆಟಿ ನಾಲ್ಕನೆಯ ಕುರ್ಚಿಯಲ್ಲಿದ್ದಳು. ಒಂದೊಂದು ಕೈ ಬಂದಾಗಲೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಈಟಾ ಸಾಲಿನಲ್ಲಿ ಬಂದಳು, ಅದನ್ನು ಕಂಡು ನಾನು ಬಾಗಿಲು ಬಿಟ್ಟು ಕುರ್ಚಿಗಳ ಹತ್ತಿರಕ್ಕೆ ಹೋದೆ. ಮೊದಲ ಕೈ ಹಿಡಿದಳು, ಎರಡನೆಯ ಕೈ ಹಿಡಿದಳು, ಮೂರನೆಯ ಕುರ್ಚಿಯ ಮುಂದೆ ನಿಂತುಬಿಟ್ಟಳು. ಬಗ್ಗಿ ನೀಲಿ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದು ನಮ್ಮನೇದು. ನಮ್ಮಮ್ಮನ ಹೊಲಿಗೆ" ಎಂದು ಗೊರೆಟಿಯ ಎರಡೂ ಕೈ ಹಿಡಿದುಕೊಂಡಳು. "ನಿಮಗೆ ಹೀಗಾಗಬಾರದಿತ್ತಮ್ಮ. ಅವಳು ಕೊಟ್ಟಿದ್ದನ್ನ ಇಷ್ಟು ಜೋಪಾನವಾಗಿ ಇಟ್ಕೊಂಡಿದ್ದೀರಲ್ಲ, ದೇವರು ನಿಮ್ಮನ್ನ ಚೆನ್ನಾಗಿಡ್ಲಿ."

ಗೊರೆಟಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ, ಬೇಡ ಎಂದು. ಅವಳು ಆ ಕುರ್ಚಿಯ ಕಡೆ ನೋಡಿದಳು.

"ಅವಳು ಕೊಡ್ಲಿಲ್ಲ. ನಾನೇ ಕಿತ್ಕೊಂಡೆ" ಅಂದಳು. "ಅವಳು ಬಿಡ್ತಿರ್ಲಿಲ್ಲ. ಬೆರಳು ಬಿಡಿಸಿ ಕಿತ್ಕೊಂಡೆ. ಆಗ ಉಸಿರಾಡ್ತಿದ್ಲು."

ಹಿಂದಿನವರಿಗೆ ಏನೂ ಕೇಳಿಸಲಿಲ್ಲ. ಸಾಲು ಯಾಕೆ ನಿಂತಿತೆಂದು ಯಾರೋ ಇಣುಕಿದರು. ಈಟಾ ಕೈ ಬಿಡಲಿಲ್ಲ. ಆಮೇಲೆ ಕೇಳಿದಳು:

"ಬೆಚ್ಚಗಿತ್ತಾ?"

"ಇತ್ತು" ಅಂದಳು ಗೊರೆಟಿ.

ಈಟಾ ಕೈ ಬಿಟ್ಟಳು. ಕಂಬಳಿ ಎತ್ತಿ ಮಡಿಸತೊಡಗಿದಳು. ದೊಡ್ಡ ಕಂಬಳಿ, ಒಬ್ಬರಿಂದ ಆಗುವ ಕೆಲಸವಲ್ಲ, ಒಂದು ತುದಿ ನೆಲಕ್ಕೆ ಬಿತ್ತು. ಗೊರೆಟಿ ಎದ್ದು ಆ ತುದಿ ಹಿಡಿದಳು. "ಬೇಡ" ಎಂದು ಈಟಾ ಎಳೆದುಕೊಂಡಳು. ಗೊರೆಟಿಯ ಬೆರಳು ತಾವಾಗಿಯೇ ಬಿಟ್ಟವು. ಉಳಿದ ಮೂರು ಕೈಗಳನ್ನು ಹಿಡಿಯದೆ, ಕಂಬಳಿಯನ್ನು ಎದೆಗವಚಿಕೊಂಡು ಈಟಾ ನನ್ನನ್ನು ದಾಟಿ ಹೊರಗೆ ಹೋದಳು. ಸಾಲಿನ ನಡುವೆ ಕೈ ಬಿಟ್ಟು ಹೋದವರನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಗೊರೆಟಿಯೇ ಓರ್ಲಾಳನ್ನು ಕೂರಿಸಿಕೊಂಡು ಹೊಸ ಟೇಪ್ ಮಾಡಿಸಿದಳು. ಉಳಿದ ಮೂರು ದಿನ ವೀಶಿ ನಿಜವನ್ನೇ ಹೇಳಿದ. ಜನ ಆಗಲೂ ಸಾಲುಗಟ್ಟಿದರು, ಕೆಲವರು ಮಾತ್ರ ನಾಲ್ಕನೆಯ ಕುರ್ಚಿಯ ಮುಂದೆ ಕೈಯನ್ನು ಬೇಗ ಹಿಂದಕ್ಕೆಳೆದುಕೊಂಡರು. ಮಿಸೆಸ್ ಹೆಗಾರ್ಟಿ ನಾಲ್ಕೂ ದಿನ ಬಂದಳು, ನಾಲ್ಕೂ ದಿನ ಗಟ್ಟಿಯಾಗಿಯೇ ಹಿಡಿದಳು.

ಆಮೇಲೆ ಗೊರೆಟಿ ಎರಡು ಚಳಿಗಾಲ ಬದುಕಿದಳು. ಮಧ್ಯಾಹ್ನ ಹಾಲ್‌ಗೆ ಬಂದು ನನ್ನ ಜೊತೆ ಕುರ್ಚಿ ಹಾಕಿ, ನನ್ನನ್ನು ಛೇಡಿಸಿ, ಟೀ ಕುಡಿದು ಹೋಗುತ್ತಿದ್ದಳು. ಬ್ರೀಡಾ ಈಗಲೂ ಬರುತ್ತಾಳೆಯೇ ಎಂದು ಒಮ್ಮೆ ಕೇಳಿದೆ.

"ಬರ್ತಾಳೆ. ಏನೂ ಕೇಳಲ್ಲ. ಸುಮ್ನೆ ಕೂತಿರ್ತಾಳೆ."

"ಒಳ್ಳೇದಾಯ್ತಲ್ಲ."

"ಕೇಳ್ತಿದ್ದಾಗ್ಲೇ ವಾಸಿ ಇತ್ತು ಕಣೋ ಡೆನ್ನಿ."

ಕಳೆದ ಫೆಬ್ರವರಿಯಲ್ಲಿ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ರೇಡಿಯೋಗೆ ಹೆಸರು ಕೊಟ್ಟವನು ನಾನು. ಫೋನಿನಲ್ಲಿದ್ದ ಹುಡುಗಿ, "ಯಾರ ಹೆಂಡ್ತಿ, ಯಾರ ತಾಯಿ ಅಂತ ಓದ್ಬೇಕು ಸರ್?" ಅಂದಳು. ಇಂಗ್ಲೆಂಡಿನ ಗಂಡನ ಹೆಸರು ಹೇಳಲು ನನ್ನ ನಾಲಗೆ ಏಳಲಿಲ್ಲ. ಹತ್ತು ನಿಮಿಷ ಕೊಡಮ್ಮ ಎಂದು, ಓರ್ಲಾಳ ಹಳೇ ಕಾಗದದಲ್ಲಿದ್ದ ನಂಬರು ಹುಡುಕಿ ಕೆರಿಗೆ ಫೋನ್ ಮಾಡಿದೆ. ವಿಷಯ ಹೇಳಿದೆ.

"'ಬ್ರೀಡಾ ಸ್ಕ್ಯಾನೆಲ್‌ಳ ಗೆಳತಿ' ಅಂತ ಹಾಕ್ಲಾ ಅಂತ ಕೇಳೋಕೆ ಫೋನ್ ಮಾಡ್ದೆ" ಅಂದೆ. "ನೀವು ಬೇಡ ಅಂದ್ರೆ ಬೇಡ."

ಫೋನ್ ಇಟ್ಟುಬಿಡುತ್ತಾಳೆಂದೇ ಅಂದುಕೊಂಡೆ.

"ಮಣ್ಣು ಯಾವಾಗ?" ಅಂದಳು ಈಟಾ.

ಗುರುವಾರ ಹನ್ನೊಂದಕ್ಕೆ ಇಗರ್ಜಿಯ ಮುಂದಿನ ಸಾಲಿನಲ್ಲಿ, ಮನೆಯವರು ಕೂರುವ ಜಾಗದಲ್ಲಿ, ಬೇರೆ ಯಾರೂ ಇಲ್ಲವೆಂದು ನಾನೂ ವೀಶಿಯೂ ಕೂತಿದ್ದೆವು. ಅದೇ ಬೂದು ಕೋಟಿನಲ್ಲಿ ಈಟಾ ಬಂದಳು. ಕಂಬಳಿ ತಂದಿದ್ದಾಳೇನೋ ಎಂದು ಅವಳ ಚೀಲದ ಕಡೆ ನೋಡಿದೆ, ಅದರಲ್ಲಿ ಫ್ಲಾಸ್ಕ್ ಇತ್ತು. ಹಿಂದಿನ ಸಾಲಿಗೆ ಹೋಗುತ್ತಾಳೆಂದುಕೊಂಡರೆ, "ಸ್ವಲ್ಪ ಸರೀರಿ" ಎಂದು ನನ್ನ ಪಕ್ಕ ಕೂತಳು. ರೇಡಿಯೋದಲ್ಲಿ ಹೆಸರು ಕೇಳಿದವರೆಲ್ಲ ಬಂದಿದ್ದರು. ಪ್ರಾರ್ಥನೆ ಮುಗಿದ ಮೇಲೆ ಮಿಸೆಸ್ ಹೆಗಾರ್ಟಿ ಮೊದಲು ಎದ್ದು, ನಮ್ಮನ್ನು ದಾಟಿ, ಈಟಾಳ ಕೈ ಹಿಡಿದಳು.

"ನಿಮಗೆ ಹೀಗಾಗಬಾರದಿತ್ತು."

"ಬಂದಿದ್ದಕ್ಕೆ ಸಂತೋಷ" ಅಂದಳು ಈಟಾ. ಕೊನೆಯವರು ಬರುವವರೆಗೂ ಕೂತಿದ್ದಳು, ಒಂದು ಕೈಯನ್ನೂ ಬಿಡಲಿಲ್ಲ.